ಕಂದು ತಂತಿ

ಲೋಬ್ನರ್ ಅವರೇ, ನೀವು ತೀರಿಕೊಂಡಿರಿ, ಸರಿ;
ಆದರೆ ಎಲ್ಲ ತಂತಿಗೂ ಒಂದೇ ಕಂದು ಬಣ್ಣವೇ?
ಮೂರು ವಾರದಿಂದ ನಿಮ್ಮ ಬೆಟ್ಟದಡಿ
ಅಂಗಾತ ಮಲಗಿದ್ದೇನೆ, ಬಾಯಲ್ಲಿ ಟಾರ್ಚು ಕಚ್ಚಿ.

ಸಂತೆಯಲ್ಲಿ ನಿಮ್ಮ ಸೊಸೆ ಎಂಬತ್ತು ಯೂರೋ ಎಂದಳು,
ಅರವತ್ತಕ್ಕೆ ಕೊಟ್ಟಳು. ಹಲಗೆ ಎರಡು ತುಂಡು.
ತ್ಸ್ವಿಕಾವಿನ ನನ್ನ ನಾಲ್ಕನೇ ಮಹಡಿಗೆ ಹೊರುವಾಗ
ಚರ್ಚಿನ ಗೋಪುರ ಮೆಟ್ಟಿಲಲ್ಲೇ ಬಿತ್ತು.

ಹಳಿ ಉಜ್ಜಿದೆ. ಸೇತುವೆಗೆ ಬೆಂಕಿಕಡ್ಡಿಯ ಆಸರೆ ಕೊಟ್ಟೆ.
ಬೋಳಾದ ಮರಗಳನ್ನು ಕಿತ್ತೆಸೆದೆ.
ಇಪ್ಪತ್ತೆಂಟು ವರ್ಷ ಟ್ರಾಮ್ ಓಡಿಸಿದವಳು ನಾನು;
ಬೆಟ್ಟದ ಹಿಂದಿನ ಆ ಕಡಿದಾದ ತಿರುವಿನಲ್ಲಿ
ಯಾವ ಬೋಗಿ ಹಳಿ ಮೇಲೆ ನಿಂತೀತು, ಹೇಳಿ?

ಕೊನೆಗುಳಿದದ್ದು ಒಂದು ತಂತಿ. ಎಲ್ಲಿಗೂ ಹೋಗದ್ದು.
ಕತ್ತರಿ ಹಿಡಿದೆ. ಯಾಕೋ, ಕರೆಂಟು ಕೊಟ್ಟು ನೋಡಿದೆ.
ಏನೂ ಆಗಲಿಲ್ಲ.
ಸ್ವಿಚ್ಚು ಆರಿಸಲು ಮರೆತೆ.

ರಾತ್ರಿ, ಬಿದ್ದ ಸ್ಕ್ರೂ ಹುಡುಕುತ್ತ ಮೊಣಕಾಲೂರಿದಾಗ
ಬೆಟ್ಟದ ಸಂದಿಯಲ್ಲಿ
ಒಂದು ಮನೆ, ಒಂದು ಕಿಟಕಿ, ಹಳದಿ ಬೆಳಕು.
ನಿಂತವರಿಗೆ ಕಾಣದು.
ಮೂರಡಿ ಎತ್ತರದ ಕಣ್ಣಿಗೆ ಮಾತ್ರ.

ಯಾರಿದ್ದರು, ಲೋಬ್ನರ್, ನಿಮ್ಮಲ್ಲಿ ಅಷ್ಟೆತ್ತರ?

ಆ ತಿರುವನ್ನು ಬದಲಿಸುವವಳಿದ್ದೆ.
ಹಾಗೇ ಬಿಟ್ಟಿದ್ದೇನೆ. ರೈಲು ಅಲ್ಲಿ
ನಿಧಾನಿಸಲೇಬೇಕು.