ಪಾಲಕ್ಕನ ಉಗುಳು

ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು ಎಂದಳು
ದಾವಣಗೆರೆಯಿಂದ ಬಂದ ಹುಡುಗಿ, ಕೈಗವಸು ತೊಟ್ಟು.
ಅರವತ್ತು ವರ್ಷದಿಂದ ಬಾಯಿ ಖಾಲಿ ಬಿಟ್ಟವಳಲ್ಲ ಅಜ್ಜಿ.
ಎಲೆಚೀಲ ನನ್ನ ಕೈಗಿತ್ತು ಕಟ್ಟೆಯ ಮೇಲೆ ಕೂತಳು,
ಓದಲು ಬಾರದ ಗಡಿಯಾರವನ್ನೇ ನೋಡುತ್ತ.

ಮೂರು ಸಲ ಮುಕ್ಕಳಿಸಿದರೂ
ಕೊಳವೆಯೊಳಗೆ ಬಿದ್ದದ್ದು ತುಸು ಕೆಂಪೇ.
'ಇದರಾಗೆ ನಮ್ಮಪ್ಪ ಕಾಣ್ತಾನಾ?'
'ಅಪ್ಪ ಅಲ್ಲಜ್ಜಿ, ಅಮ್ಮ. ಅಮ್ಮನ ಅಮ್ಮ. ಅವರಮ್ಮ.
ಇದರೊಳಗಿನ ಒಂದು ಎಳೆ ತಾಯಿಂದ ಮಾತ್ರ ಬರುತ್ತೆ.'
ಅಜ್ಜಿ ಮುಚ್ಚಳದ ಕಡೆ ನೋಡಿದಳು,
ಒಳಗೆ ಯಾರಿಗೋ ಉಸಿರು ಕಟ್ಟೀತು ಅನ್ನುವಂತೆ.

ಅಪ್ಪಂದಿರಿಗೆ ನಮ್ಮಲ್ಲಿ ಕೊರತೆಯಿಲ್ಲ.
ಸುಗ್ಗಿ ಮುಗಿದ ಮೇಲೆ ಹೆಳವರ ಸಂಕಣ್ಣ ಬರುತ್ತಾನೆ.
ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದ, ಇವನದು ಟಿವಿಎಸ್,
ಹ್ಯಾಂಡಲ್ಲಿಗೆ ಅದೇ ಗಂಟೆ.
ಪರಶುರಾಂಪುರದ ನಮ್ಮ ಬೀದಿಯಲ್ಲಿ ನಿಂತು
ಒಂದೇ ಉಸಿರಿಗೆ ಹದಿನಾಲ್ಕು ತಲೆ:
ಬೋರಯ್ಯನ ಮಗ ಓಬಯ್ಯ, ಓಬಯ್ಯನ ಮಗ ಚಿನ್ನಪಾಲಯ್ಯ,
ಯಾವ ಹೊಳೆ ದಾಟಿದರು, ಎಲ್ಲಿ ಮಂದೆ ಇಳಿಸಿದರು,
ಯಾವ ಗುಡ್ಡದ ಕೆಳಗೆ ಯಾರು ಸತ್ತರು, ಎಷ್ಟು ದನ ಉಳಿದವು.
ದನಗಳಿಗೂ ಹೆಸರಿದೆ ಅವನ ಹೊತ್ತಿಗೆಯಲ್ಲಿ.
ಹೆತ್ತವರಿಗಿಲ್ಲ.

ಆರು ತಿಂಗಳಿಗೆ ಕಾಗದ ಬಂತು.
ಒಂದು ಅಕ್ಷರ, ಎರಡು ಅಂಕಿ: ಅದು ಅಜ್ಜಿಯ ತಾಯಿಬೇರು.
ಪಕ್ಕದಲ್ಲಿ ನಕಾಶೆ, ಕಡಲಂಚಿನಿಂದ ಒಳನಾಡಿಗೆ ಒಂದು ಬಾಣ,
ಸಾವಿರ ವರ್ಷಕ್ಕೊಂದು ಚುಕ್ಕೆ.
'ಇಷ್ಟು ದೂರ ನಡೆದರಾ?' ಅಂದಳು. 'ಬಸುರೇರು, ಬಾಣಂತೇರು?'
ನಾನು ಬಾಣವನ್ನಷ್ಟೇ ನೋಡಿದ್ದೆ.
ಅದರ ಸೊಂಟದ ಮೇಲೆ ಕೂಸಿರಬಹುದೆಂದು ಹೊಳೆದಿರಲಿಲ್ಲ.

ಕೆಳಗೆ ಇನ್ನೊಂದು ಸಾಲು:
ಇದೇ ಎಳೆ ಮಾದರಿ ನಲವತ್ತೊಂದರಲ್ಲೂ ಇದೆ.
ಹೆಸರು ಹೇಳುವಂತಿಲ್ಲ.
ಆದರೆ ಅವತ್ತು ಸಾಲಿನಲ್ಲಿ ನಲವತ್ತೊಂದನೆಯವಳು
ಯಾರೆಂದು ಊರಿಗೇ ಗೊತ್ತು,
ಅವಳ ಕೊಡ ತಾಗಿದರೆ ಅಜ್ಜಿ
ತುಂಬಿದ ನೀರು ಚೆಲ್ಲಿ ಬರುತ್ತಾಳೆಂದೂ.
ಆ ಸಾಲನ್ನು ಎರಡು ಸಲ ಓದಿದೆ, ಗಟ್ಟಿಯಾಗಿ.
ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು,
ಎಲೆ ತುಂಬಿ ಬೆರಳಿಗೂ ಹತ್ತುವವರೆಗೆ.

ಈ ಸಲ ಸಂಕಣ್ಣನ ಮುಂದೆ ಕಾಗದ ಇಟ್ಟಳು: 'ಇದನ್ನ ಬರಕೋ.'
'ಯಾರ ಹೆಸರು ಅಂತ ಬರೀಲವ್ವ?
ಹೆಣ್ಮಕ್ಳು ಕೊಟ್ಟ ಮನೆ ಹೊತ್ತಿಗೇಲಿರ್ತಾರೆ.'
'ಆ ಮನೇಲಿ ಕೇಳಿದ್ದೆ. ಹುಟ್ಟಿದ ಮನೇದ್ರಾಗೆ ಅವರೆ ಅಂದ್ರು.'
ಅವನು ಪೆನ್ನು ತೆಗೆದ. ಮುಚ್ಚಿದ.
ಐದು ಸೇರು ಸಜ್ಜೆ ಕಟ್ಟಿಕೊಂಡು ಗಂಟೆ ಬಾರಿಸಿ ಹೋದ.

ಅಜ್ಜಿ ನುಗ್ಗೆಯ ಬುಡಕ್ಕೆ ಉಗುಳಿದಳು, ಕೆಂಪಗೆ.
ದಿನಾ ನಾನು ಓಡಾಡುವ ದಾರಿ.
'ಸುತ್ತಿ ಬಾ,' ಅಂದಳು, 'ತುಳೀಬ್ಯಾಡ.'