ಸಂಬಳವಿಲ್ಲದ ರಜೆ

ಕಾಗದ ಎರಡು ಭಾಷೆಯಲ್ಲಿತ್ತು.
ಎಡಕ್ಕೆ ಅವರದು, ಬಲಕ್ಕೆ ನಮ್ಮದು,
ನಡುವೆ ನೆಟ್ಟಗೆ ಒಂದು ಗೆರೆ, ಗಡಿಯ ಹಾಗೆ.
ಎರಡರಲ್ಲೂ ನನ್ನ ಹೆಸರು: ಪ್ಯೋ ಮಾಲ್‌ಸುನ್,
ಪ್ಯೋಂಗ್‌ಟೆಕ್ ನೆಲೆ, ಊಟದ ಹಾಲ್, ಬೆಳಗಿನ ಪಾಳಿ.
ಏಪ್ರಿಲ್ ಒಂದರಿಂದ ಸಂಬಳವಿಲ್ಲದ ರಜೆ,
ಮಾತುಕತೆ ಮುಗಿಯುವ ತನಕ.

ರಜೆ!
ಹತ್ತೊಂಬತ್ತು ವರ್ಷ ಬೇಡಿದರೂ ಸಿಗದ್ದು.
ಮಗಳ ಹೆರಿಗೆಗೆ ಅರ್ಧ ದಿನ ಬಿಟ್ಟದ್ದೇ ಹೆಚ್ಚು.
ಈಗ ಎರಡು ಸರ್ಕಾರ ಸೇರಿ ಕೊಟ್ಟಿವೆ,
ಇದೊಂದರಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಸೋಲ್‌ನಲ್ಲೋ ಹವಾಯಿಯಲ್ಲೋ ಏಳನೇ ಸುತ್ತು.
ಉದ್ದ ಮೇಜು, ಎರಡು ಬಾವುಟ,
ಕವಾಯತಿಗೆ ನಿಂತ ನೀರಿನ ಬಾಟಲಿ.
ಅವರು ಹೊರೆ ಅನ್ನುತ್ತಾರೆ, ನಮ್ಮವರು ಪಾಲು ಅನ್ನುತ್ತಾರೆ,
ದುಭಾಷಿ ಹುಡುಗಿ ಒಂದು ಗುಟುಕು ಕುಡಿದು
ಎರಡಕ್ಕೂ ಒಂದೇ ಪದ ಹಾಕುತ್ತಾಳೆ.
ಋಣ ಅನ್ನುವ ಮಾತು ಬಂದಾಗ ಮಾತ್ರ
ನಮ್ಮ ಕಡೆಯ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿದರಂತೆ.
ಯುದ್ಧದ ವರ್ಷ ಅವರಮ್ಮ ಬದುಕಿದ್ದು
ಸೈನ್ಯದ ಹಾಲಿನಪುಡಿಯಿಂದ.
ನನ್ನಮ್ಮನೂ ಅಷ್ಟೇ. ಇಲ್ಲ ಅನ್ನಲಾರೆ.
ಆದರೆ ಎಷ್ಟು ತಲೆಮಾರಿನವರೆಗೆ ಅಂತ
ಡಬ್ಬಿಯ ಮೇಲೆ ಬರೆದಿರಲಿಲ್ಲ.

ಗಂಡನಿಗೆ ಕಿವಿ ಮಂದ.
ಹೆಲಿಕಾಪ್ಟರುಗಳು ನಮ್ಮ ಹೆಂಚಿನ ಮೇಲೆಯೇ
ದಾರಿ ಮಾಡಿಕೊಂಡಿದ್ದವು.
ಟೀವಿಯನ್ನು ಬೀದಿಗೆಲ್ಲ ಕೇಳುವಂತೆ ಇಟ್ಟು
ಸುದ್ದಿ ಓದುವವಳನ್ನೇ ಗದರಿಸುತ್ತಾನೆ:
"ನಮ್ಮ ಮೂರು ಮಜಿಗಿ ಗದ್ದೆ ಬರೆದುಕೊಂಡಿರಾ?"

ಗದ್ದೆ ಬೇಲಿಯೊಳಗಿದೆ.
ಬೇಲಿಯೇ ಎದ್ದು ಹೊಲ ಮೇಯಿತು ಅನ್ನಲಾಗದು,
ದುಡ್ಡು ಕೊಟ್ಟರು, ರಸೀದಿಯೂ ಇದೆ.
ನಾಟಿ ಮಾಡುತ್ತಿದ್ದ ಕಡೆ ಗಾಲ್ಫಿನ ಹುಲ್ಲು.
ನೀರು ಮಾತ್ರ ಹಳೆ ಕಾಲುವೆಯ ದಾರಿ ಮರೆತಿಲ್ಲ,
ಮಳೆ ಬಂದರೆ ಹದಿನಾಲ್ಕನೇ ಕುಳಿಯ ಹತ್ತಿರ
ಬಂದು ನಿಂತುಬಿಡುತ್ತದೆ.

ಕೊನೆಯ ದಿನ ಆ ಹುಡುಗ ಬಂದ, ನೆಬ್ರಾಸ್ಕದವನು,
ಗಲ್ಲದ ಮೇಲೆ ಇನ್ನೂ ಮೊಡವೆ.
ಎರಡು ಮೊಟ್ಟೆ, ಹಳದಿ ಒಡೆಯಬಾರದು.
"ಅಜುಮ್ಮಾ, ತಲೆಗಿಷ್ಟು ಅಂತ ಪೇಪರಿನಲ್ಲಿ ಹಾಕಿದ್ದಾರೆ.
ನನಗಿಷ್ಟು ಬೆಲೆ ಇದೆ ಅಂತ ಗೊತ್ತೇ ಇರಲಿಲ್ಲ.
ಅಮ್ಮನಿಗೆ ಕತ್ತರಿಸಿ ಕಳಿಸುತ್ತೇನೆ."
ನಕ್ಕ. ನಾನೂ ನಕ್ಕೆ. ಅವನ ಹಿಂದೆ
ಸಾರ್ಜೆಂಟ್ ಟಿಬೊಡೋ ತಟ್ಟೆ ಹಿಡಿದು ನೆಲ ನೋಡುತ್ತಿದ್ದ.
ನಾಳೆಯಿಂದ ಬಾಣಲೆ ಅವನ ಪಾಲಿಗೆ.

ಮೊಟ್ಟೆಯ ವಿಷಯ ನನಗೆ ಗೊತ್ತು.
ದಿನಕ್ಕೆ ಒಂಬೈನೂರು ಒಡೆದಿದ್ದೇನೆ.
ಸರಿಸಮ ಎರಡು ಹೋಳಾದ ಚಿಪ್ಪು
ಈವರೆಗೆ ಒಂದೂ ಕಂಡಿಲ್ಲ.

ಏಪ್ರಿಲ್ ಪೂರ್ತಿ ಗೇಟಿನ ಹೊರಗೆ ಕೂತೆವು,
ಹಣೆಗೆ ಕೆಂಪು ಪಟ್ಟಿ, ಅಡಿಗೆ ರಟ್ಟು:
ಬಟ್ಟೆ ಒಗೆಯುವವರು, ಬೆಂಕಿ ಆರಿಸುವವರು,
ಲೆಕ್ಕ ಬರೆಯುವ ಮಿಸ್ ಬಾಂಗ್.
ಒಂದು ಮಧ್ಯಾಹ್ನ ಬೇಜಾರಿಗೆ
ಮೊಬೈಲಿನಲ್ಲೇ ಕೂಡಲು ಹೊರಟಳು:
ಗದ್ದೆ, ಕಿವಿ, ಹಾಲಿನಪುಡಿ, ಹತ್ತೊಂಬತ್ತು ವರ್ಷದ ಬೆಳಗು.
"ಇವಕ್ಕೆ ಕಾಲಮ್ಮೇ ಇಲ್ಲವಲ್ಲ ಅಕ್ಕ" ಅಂದು
ಫೋನ್ ಜೇಬಿಗಿಟ್ಟಳು.

ಎಂಟನೇ ಸುತ್ತಿನ ಬೆಳಿಗ್ಗೆ, ಆರು ಗಂಟೆ.
ಗಾಳಿ ಒಳಗಿನಿಂದ ನಮ್ಮ ಕಡೆ ತಿರುಗಿತು.
ಸೀದ ಬೆಣ್ಣೆ.
"ಉರಿ ಜಾಸ್ತಿ" ಅಂದೆವು ಅಡುಗೆಯವರೆಲ್ಲ ಒಂದೇ ಸಲ,
ಅಷ್ಟರಲ್ಲಿ ನನ್ನ ಕೈ
ಬರಿಗಾಳಿಯಲ್ಲೇ
ಸ್ಟವ್ ತಗ್ಗಿಸಿಯಾಗಿತ್ತು.