ಸೊನ್ನೆ ಬಿಲ್ಲಿನ ನಂಬರು

ಒಂದು ಸಾವಿರದ ಒಂದುನೂರಾ ಹನ್ನೆರಡು ಸಿಮ್ಮು
ನನ್ನ ಒಂದೇ ಎಕ್ಸೆಲ್ ಹಾಳಿಯೊಳಗ.
ಕಲಬುರಗಿ, ಸೇಡಂ ರೋಡು, ಎರಡನೇ ಮಹಡಿ.
ಕೂಲರಿನ ಹುಲ್ಲು ಒಣಗಿ ಧೂಳು ಉಗುಳ್ತದ,
ನಾ ಕುಂತು ಸಿಮೆಂಟು ಕಂಪನಿ ಮಂದಿಯ
ಮಾತಿನ ಹಿಸಾಬು ಬರೀತೀನಿ.

ಮಾತಲ್ಲ, ಮಾತಿನ ಉದ್ದ.
ಯಾರು ಯಾರಿಗಿ ಏನಂದ್ರು ಬಿಲ್ಲಿಗೇನು ಗೊತ್ತು?
ಸೇಲ್ಸಿನ ಹುಡುಗ ದುಬೈಕ್ಕ ಹೋದವ
ರೋಮಿಂಗ್ ಬಂದ್ ಮಾಡೂದು ಮರೆತು
ಒಂದು ಕ್ರಿಕೆಟ್ ಮ್ಯಾಚಿಗಿ ಹದಿನೆಂಟು ಸಾವಿರ ಸುರಿದ.
ಅದೂ ನಾವು ಸೋತ ಮ್ಯಾಚು.

ನನ್ನ ಬೆನ್ನಿಗೊಂದು ಕಪಾಟು ಅದ.
ಪರದಿ ಒಡೆದವು, ಸಿಮೆಂಟು ಕಿವಿಗಿ ಹೊಕ್ಕು ಕಿವುಡಾದವು,
ಕೆಲಸ ಬಿಟ್ಟವ ಪಾಸ್‌ವರ್ಡ್ ಹೇಳದೇ ಹೋದದ್ದಕ್ಕ
ಇನ್ನಾ ಬಾಯಿ ಬಿಡದ ಮೂರು.
ಒಂದರ ಬೆನ್ನಮ್ಯಾಲ ಯಾರದೋ ಮಗಳು ಹಚ್ಚಿದ ಚಿಟ್ಟಿ.
ಸ್ಟಿಕರ್ ಕಿತ್ತಬೇಕಂತ ನಿಯಮ ಅದ.
ಕಿತ್ತಿಲ್ಲ.

ಏಪ್ರಿಲಿನಾಗ ಹೈದ್ರಾಬಾದಿನಿಂದ ಮೇಲ್ ಬಂತು:
ಬಳಕಿ ಇಲ್ಲದವು ಕಡೀರಿ. ನೂರಕ್ಕ ಇಪ್ಪತ್ತು ಉಳೀಬೇಕು.

ಫಿಲ್ಟರ್ ಹಾಕಿದೆ.
ಹೊರಗ ಹೋದ ಕರೆ ಸೊನ್ನೆ, ಮೆಸೇಜು ಸೊನ್ನೆ, ಡೇಟಾ ಸೊನ್ನೆ.
ಮೊರ ಝಾಡಿಸಿದಂಗ
ಎಂಬತ್ತಮೂರು ನಂಬರು ಹೊಟ್ಟಾಗಿ ಮುಂದ ಬಂದ್ವು.

ಒಂದಕ್ಕ ಮಾತ್ರ ಕೈ ತಡೀತು.
ಬಳಕೆದಾರರು ಅನ್ನೂ ಕಾಲಮ್ಮಿನಾಗ
ನನಗಿಂತ ಮೊದಲು ಇಲ್ಲಿ ಕುಂತಿದ್ದ ಅಂಬಣ್ಣ ಬರೆದಿದ್ದ:
ಗಂಗವ್ವ.
ಹಾಜರಿಯೊಳಗ ಗಂಗವ್ವ ಇಲ್ಲ.
ಪಗಾರದಾಗ ಇಲ್ಲ, ಗುತ್ತೇದಾರನ ಯಾದಿಯೊಳಗೂ ಇಲ್ಲ.
ಐದು ವರ್ಷ, ತಿಂಗಳಿಗಿ ನೂರಾ ನಲವತ್ತೊಂಬತ್ತು ರೂಪಾಯಿ,
ಒಂದು ಮಾತು ಆಡಿಲ್ಲ ಪುಣ್ಯಾತ್ಗಿತ್ತಿ.
ಅಂಬಣ್ಣನ ಯಾರೋ ಇರಬೇಕು ಅಂತ
ಒಬ್ಬಾಕಿನೇ ನಕ್ಕೆ.
ಕಡಿದೆ.

ಉಳಿತಾಯದ ಕಾಲಮ್ಮು ಹಸಿರಾಯ್ತು.
ಸಾಹೇಬರು ವಾಟ್ಸಾಪ್ ಗುಂಪಿನಾಗ ಹೆಬ್ಬೆರಳು ಎತ್ತಿದ್ರು.

ಜೂನ್. ಒಂದೇ ರಾತ್ರಿ ಹಿಂಡಿ ಹೊಡೀತು ಮಳಿ.
ಮುಂಜಾನಿ ಆರಕ್ಕ ಚಿತ್ತಾಪುರದ ಕಡಿಯ ಖಣಿಯಿಂದ ಮಶಾಕ:
"ಜಗದೇವಿ ಮೇಡಮ್ಮಾ, ಗಂಗವ್ವ ಏಳವಲ್ಲಳ್ರಿ."

"ಫೋನ್ ಎತ್ತವಲ್ಲಳಾ?"

"ಎತ್ತೂದಿಲ್ರಿ ಆಕಿ. ಎತ್ತಿದ್ರ ರೊಕ್ಕ ಬೀಳ್ತದ.
ಕಟ್ ಮಾಡಿ ಏಳ್ತಾಳ."

ಖಣಿಯ ತಳದಾಗ, ಸುಣ್ಣಗಲ್ಲಿನ ಕೊನಿ ಮೆಟ್ಟಿಲಿನಾಗ,
ಎಪ್ಪತ್ತೈದು ಎಚ್.ಪಿ. ಪಂಪಿನ ಸ್ಟಾರ್ಟರ್ ಡಬ್ಬಿಯೊಳಗ
ಕುಂತಿತ್ತು ಆ ಸಿಮ್ಮು.
ಒಂದು ಮಿಸ್ ಕಾಲ್: ಚಾಲು. ಬೆನ್ನಿಗೇ ಎರಡು: ಬಂದ್.
ಬ್ಯಾಸಿಗ್ಯಾಗ ನೀರಿಲ್ಲ, ಯಾರೂ ಕರೀಲಿಲ್ಲ, ಯಾರಿಗೂ ತಿಳೀಲಿಲ್ಲ.
ಆ ರಾತ್ರಿ ಮ್ಯಾಲಿನ ಕ್ಯಾಬಿನ್ನಿನಿಂದ
ಮಶಾಕ ಹನ್ನೊಂದು ಸಲ ಹಚ್ಚಿದ್ನಂತ.
ಹನ್ನೊಂದು ಸಲವೂ ಒಬ್ಬಾಕಿ ಮೆತ್ತಗ ಹೇಳಿದ್ಳಂತ,
ನೀವು ಕರೆ ಮಾಡಿದ ನಂಬರ್ ಅಸ್ತಿತ್ವದಲ್ಲಿಲ್ಲ.
ಇಳಿಯಾಕ ಹೋದ್ರ ದಾರಿ ಜಾರಿ ರಾಡಿ.
ಬೆಳಕು ಹರಿಯೂದ್ರಾಗ ಡಬ್ಬಿನೇ ಕಾಣಲಿಲ್ಲ,
ಅಂಬಲಿ ಬಣ್ಣದ ನೀರು ಮಾತ್ರ.

ಆರು ದಿನ ಖಣಿ ನಿಂತಿತು.
ಲುಕ್ಸಾನು ಯಾವ ತಲಿಬರಹದಾಗ ಹಾಕೂದು ಅಂತ ಮೀಟಿಂಗು.
ಟೆಲಿಫೋನಿನಾಗ ಹಾಕಲಿಲ್ಲ. ಮಳಿ ಅಂತ ಬರೆದ್ರು.
ನನ್ನ ಕಾಲಮ್ಮು ಹಸಿರೇ ಉಳೀತು.

ಹೊಸ ಸಿಮ್ಮು ಕೊಡುವಾಗ ಮಶಾಕನಿಗಿ ಕೇಳಿದೆ,
ಆ ಹೆಸರು ಯಾರು ಇಟ್ಟವರು?
"ಗೊತ್ತಿಲ್ರಿ. ನಾ ಬಂದಾಗೇ ಗಂಗವ್ವ ಇದ್ಳು."

ಈಗ ಕಡಿಯೂಕಿಂತ ಮೊದಲು
ಸೊನ್ನೆ ಇದ್ದದ್ದಕ್ಕೆಲ್ಲ ಒಂದೊಂದು ಮಿಸ್ ಕಾಲ್ ಕೊಡ್ತೀನಿ.
ಮಧ್ಯಾಹ್ನ, ರೊಟ್ಟಿ ಗಂಟು ಬಿಚ್ಚೂಕಿಂತ ಮೊದಲು,
ಒಂದು ಗಂಟಿ, ಎರಡು ಗಂಟಿ, ಇಟ್ಟುಬಿಡ್ತೀನಿ.
ಮೊನ್ನೆ ಒಂದಕ್ಕ ಕೊಟ್ಟೆ:
ಪ್ಯಾಕಿಂಗ್ ಗೇಟಿನ ಸೈರನ್ ಹೊಡಕೊಂಡಿತಂತ,
ಊಟಕ್ಕ ಕುಂತ ಮಂದಿ ಡಬ್ಬಿ ಬಿಟ್ಟು ಓಡಿದ್ರಂತ,
ಒಬ್ಬವನ ಚಪ್ಪಲಿ ಇನ್ನಾ ಸಿಕ್ಕಿಲ್ಲಂತ.

ಬೈಸಿಕೊಂಡೆ.
ಆ ನಂಬರು ಕಡಿದಿಲ್ಲ.
ಸೈರನ್ನಿಗಿ ಹೆಸರು ಯಾರೂ ಇಟ್ಟಿಲ್ಲ ಇನ್ನಾ,
ಕಾಲಮ್ಮು ಖಾಲಿ ಬಿಟ್ಟೀನಿ.